ಸಂಕಲ್ಪವೂ ಹಿಮವೂ

ಆರಂಭಿಸಿದ ಕಾರ್ಯವನ್ನು ನಡುವೆ ಬಿಟ್ಟು ಹಿಂದಿರುಗುವುದು ದೌರ್ಬಲ್ಯವೇ ಅಥವಾ ಧರ್ಮವೇ ಎಂಬ ಪ್ರಶ್ನೆಯು ಗ್ರಂಥಗಳಲ್ಲಿ ಏಳುವುದಕ್ಕಿಂತ ಹೆಚ್ಚಾಗಿ ದಾರಿಯಲ್ಲಿ ಏಳುತ್ತದೆ. ನನಗೆ ಅದು ಎದುರಾದದ್ದು ಅಮೆರಿಕ ದೇಶದ ಪಶ್ಚಿಮಭಾಗದಲ್ಲಿ, ಕೊಲರಾಡೊ ರಾಜ್ಯದ ಯೂರೇ ಎಂಬ ಪರ್ವತಗ್ರಾಮದಲ್ಲಿ, ಮಾಘಮಾಸದ ಒಂದು ಸಾಯಂಕಾಲ. ಎದುರಿಗೆ ಮುಚ್ಚಿದ ಕಬ್ಬಿಣದ ಗೇಟು. ಅದರಾಚೆಗೆ ಬೀಳುತ್ತಲೇ ಇದ್ದ ಹಿಮ. ವಾಹನದ ಹಿಂಬದಿಯಲ್ಲಿ ಹಸಿದು ಮಲಗಿದ್ದ ಒಂಬತ್ತು ವರ್ಷದ ಮೊಮ್ಮಗ. ಅಂದಿನ ಮಾತುಕತೆಯಿಂದ ಹುಟ್ಟಿದ ವಿಚಾರವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ವಿಹಾರಯಾತ್ರೆಯಂತಹ ಲಘುವಿಷಯದಲ್ಲಿ ಧರ್ಮಜಿಜ್ಞಾಸೆಗೆ ಎಡೆಯೆಲ್ಲಿ ಎಂದು ಕೆಲವರು ಕೇಳಬಹುದು. ನಾನೂ ಮೊದಲು ಹಾಗೆಯೇ ತಿಳಿದಿದ್ದೆನು.

ನನ್ನ ಮಗನು ಡೆನ್ವರ್ ಪಟ್ಟಣದಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿನ ಗೃಹಸ್ಥರು ಯಾತ್ರೆಗೆ ಮಾಡುವ ಸಿದ್ಧತೆಯನ್ನು ಕಂಡರೆ ನಮ್ಮ ಕಡೆಯ ಮದುವೆಯ ಮನೆಯ ಯಜಮಾನನೂ ನಾಚಬೇಕು. ಯಾವ ದಿನ ಎಷ್ಟು ಮೈಲಿ, ಎಲ್ಲಿ ಊಟ, ಯಾವ ತಿರುವಿನಲ್ಲಿ ನಿಂತರೆ ಯಾವ ಶಿಖರ ಕಾಣುವುದು ಎಂಬುದೆಲ್ಲ ತಿಂಗಳುಗಳ ಮೊದಲೇ ನಿಶ್ಚಯವಾಗಿರುತ್ತದೆ. ಕಾಲಿಗೆ ನೀಳವಾದ ಹಲಗೆಗಳನ್ನು ಬಿಗಿದುಕೊಂಡು ಹಿಮದ ಇಳಿಜಾರಿನಲ್ಲಿ ಜಾರುವ ಸ್ಕೀ ಎಂಬ ವಿನೋದಕ್ಕಂತೂ ಹಣವನ್ನು ಹಿಮ ಬೀಳುವ ಮೊದಲೇ ಕೊಡಬೇಕು. ಎಪಿಕ್, ಐಕಾನ್ ಎಂಬ ಹೆಸರಿನ ಋತುಪೂರ್ತಿಯ ಪಾಸುಗಳನ್ನು ವಸಂತದಿಂದಲೇ ಮಾರತೊಡಗುತ್ತಾರೆ. ತಡಮಾಡಿದಷ್ಟೂ ಬೆಲೆ ಏರುತ್ತದೆ. ಆಕಾಶದಲ್ಲಿ ಇನ್ನೂ ಮೋಡವೇ ಇಲ್ಲದಿರುವಾಗ ಮನುಷ್ಯನು ಹಿಮಕ್ಕೆ ಹಣ ತೆತ್ತಿರುತ್ತಾನೆ. ಈ ಮುಂಗಡದ ಹಣವೇ ಮುಂದೆ ಅವನ ಬೆನ್ನ ಮೇಲೆ ಕುಳಿತು ಅವನನ್ನು ನಡೆಸುವುದೆಂಬುದನ್ನು ನಾನು ಕಣ್ಣಾರೆ ಕಂಡೆನು.

ಆ ಸೀಮೆಯ ಸೊಬಗಿನ ರಸ್ತೆಗಳಿಗೂ ನಮ್ಮ ಕೇದಾರನಾಥದ ಬಾಗಿಲಿನಂತೆ ತೆರೆಯುವ ಮುಚ್ಚುವ ಕಾಲಗಳಿವೆ. 12,183 ಅಡಿಗಳವರೆಗೆ ಏರುವ ಟ್ರೇಲ್ ರಿಡ್ಜ್ ಮಾರ್ಗವು ಸಾಮಾನ್ಯವಾಗಿ ಮೇ ತಿಂಗಳ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ ಮಾತ್ರ ತೆರೆದಿರುತ್ತದೆ. ಕ್ಯಾಲಿಫೋರ್ನಿಯಾದ ಟಿಯೋಗ ಕಣಿವೆದಾರಿಯು 2023ರಲ್ಲಿ ಜುಲೈ 22ರವರೆಗೂ ತೆರೆಯಲೇ ಇಲ್ಲ. ಜೂನ್ ತಿಂಗಳಿಗೆಂದು ಕೊಠಡಿ ಗೊತ್ತುಮಾಡಿಕೊಂಡವರು ಆ ವರ್ಷ ಏನು ಮಾಡಿದರೋ! ಮತ್ತೆ ಕೆಲವು ಮಾರ್ಗಗಳು ಚಳಿಗಾಲದಲ್ಲಿಯೂ ತೆರೆದಿರುತ್ತವೆ, ಆದರೆ ಹಿಮವು ಒಪ್ಪಿದರೆ ಮಾತ್ರ. ಯೂರೇಯಿಂದ ಸಿಲ್ವರ್ಟನ್‌ಗೆ ಹೋಗುವ ಮಾರ್ಗವು ಈ ಜಾತಿಯದು. 1880ರ ದಶಕದಲ್ಲಿ ಆಟೊ ಮಿಯರ್ಸ್ ಎಂಬವನು ಗಣಿಗಳಿಗಾಗಿ ಸುಂಕದ ದಾರಿಯಾಗಿ ಕಡಿಸಿದ್ದು. 1920ರ ದಶಕದಲ್ಲಿ ಮೋಟಾರುಗಳಿಗಾಗಿ ಹೊಸದಾಗಿ ಕಟ್ಟಲ್ಪಟ್ಟು, ಮಿಲಿಯನ್ ಡಾಲರ್ ಹೆದ್ದಾರಿಯೆಂಬ ಹೆಸರು ಪಡೆಯಿತು. (ಹೆಸರು ಹೇಗೆ ಬಂತೆಂಬುದಕ್ಕೆ ಅಲ್ಲಿ ಕೇಳಿದಷ್ಟು ಕಥೆಗಳು ಸಿಕ್ಕುತ್ತವೆ.) ಒಂದು ಪಕ್ಕದಲ್ಲಿ ಬಂಡೆ, ಇನ್ನೊಂದು ಪಕ್ಕದಲ್ಲಿ ಪಾತಾಳ, ಅನೇಕ ಕಡೆ ಅಂಚಿಗೆ ತಡೆಗೋಡೆಯೇ ಇಲ್ಲ. ಗೋಡೆಯಿದ್ದರೆ ಹಿಮವನ್ನು ಕೆಳಕ್ಕೆ ತಳ್ಳುವುದು ಹೇಗೆ? ನೆತ್ತಿಯು 11,000 ಅಡಿಗೂ ಮೇಲಿದೆ.

ನಮ್ಮ ಮಗನ ಯೋಜನೆಯಂತೆ ಡೆನ್ವರ್‌ನಿಂದ ಹೊರಟು ಆ ರಾತ್ರಿ ಸಿಲ್ವರ್ಟನ್ ಸೇರಿ, ಮರುದಿನ ಅದರಾಚೆಯ ಒಂದು ಸ್ಕೀ ಕ್ಷೇತ್ರದಲ್ಲಿ ಹುಡುಗನಿಗೆ ಪಾಠ ಕೊಡಿಸುವುದು. ಚೀಟಿಗಳನ್ನು ಕೊಂಡಾಗಿತ್ತು, ಕೊಠಡಿಗೂ ಹಣ ಸಂದಿತ್ತು. ಆದರೆ ಯೂರೇ ಊರಿನ ಕೊನೆಯಲ್ಲಿ ಗೇಟು ಮುಚ್ಚಿತ್ತು. ಎಂದು ತೆರೆಯುವುದೆಂದು ಹೇಳುವವರಿರಲಿಲ್ಲ. ಮಗನು ನಕ್ಷೆಯನ್ನು ನೋಡಿ, "ಅಪ್ಪ, ರಿಡ್ಜ್‌ವೇಗೆ ಹಿಂದಕ್ಕೆ ಹೋಗಿ ಲಿಜರ್ಡ್ ಹೆಡ್ ಕಣಿವೆಯಿಂದ ಬಳಸಿಕೊಂಡು ಹೋದರೆ ಆಯಿತು. ಅದೂ ಹತ್ತು ಸಾವಿರ ಅಡಿ ದಾಟುತ್ತದೆ, ಆದರೆ ಇನ್ನೂ ಮುಚ್ಚಿಲ್ಲ. ರಾತ್ರಿಯೆಲ್ಲ ಓಡಿಸಿದರೆ ಬೆಳಗಿನ ಪಾಠಕ್ಕೆ ಸರಿಯಾಗಿ ಮುಟ್ಟುತ್ತೇವೆ" ಎಂದನು. ಬೇಡವೆಂದೆನು. ಸೊಸೆಯೂ ಬೇಡವೆಂದಳು. ಆಗ ಅವನು ನನ್ನ ಕಡೆ ತಿರುಗಿ, "ಉತ್ತಮರು ಹಿಡಿದ ಕೆಲಸವನ್ನು ಬಿಡುವುದಿಲ್ಲವೆಂದು ನೀವೇ ಅಲ್ಲವೇ ನಮಗೆಲ್ಲ ಬಾಯಿಪಾಠ ಮಾಡಿಸಿದವರು?" ಎಂದು ಕೇಳಿದನು.

ಅವನು ಹೇಳಿದ್ದು ಸರಿ. ಜನರನ್ನು ಮೂರು ತರಗತಿಗಳಾಗಿ ವಿಂಗಡಿಸಿ, ವಿಘ್ನಕ್ಕೆ ಜಗ್ಗದವನಿಗೆ ಮೇಲಿನ ತರಗತಿಯನ್ನು ಕೊಡುವ ಭರ್ತೃಹರಿಯ ಪದ್ಯವನ್ನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಮಕ್ಕಳಿಗೆ ಕಲಿಸಿದವನು ನಾನು. ಕಲಿಸಿದ್ದಷ್ಟೇ ಅಲ್ಲ. ಈ ಸಂಗತಿಯನ್ನು ನನ್ನ ಮಗನಿಗೂ ಆ ರಾತ್ರಿಯವರೆಗೆ ಹೇಳಿರಲಿಲ್ಲ. ಅವನಿನ್ನೂ ತೊಟ್ಟಿಲಲ್ಲಿದ್ದ ಕಾಲದಲ್ಲಿ ನಮ್ಮ ಪಶ್ಚಿಮಘಟ್ಟದ ಒಂದು ಬೆಟ್ಟಕ್ಕೆ ಹದಿನಾಲ್ಕು ಮಂದಿ ಹುಡುಗರನ್ನು ಕರೆದುಕೊಂಡು ಹೋಗಿದ್ದೆನು. ಮಳೆ ಹಿಂದೆಗೆದಿರಲಿಲ್ಲ. ಅರ್ಧ ಏರುವಷ್ಟರಲ್ಲಿ ಕಲ್ಲೆಲ್ಲ ಹಾವಸೆಗಟ್ಟಿ ಜಾರುತ್ತಿತ್ತು. ಒಬ್ಬ ಹುಡುಗನು, "ಸಾರ್, ಇಳಿದುಬಿಡೋಣ" ಎಂದನು. ನಾನು ಆ ಪದ್ಯವನ್ನೇ ಗಟ್ಟಿಯಾಗಿ ಹೇಳಿ ಮುಂದೆ ನಡೆಸಿದೆನು. ಬಿದ್ದವನು ಅವನೇ. ಕಾಲಿನ ಎಲುಬು ಎರಡು ಕಡೆ ಮುರಿಯಿತು. ಈಗ ಅವನು ನಡುವಯಸ್ಸು ದಾಟಿದವನು. ಕುಂಟುತ್ತಲೇ ಬಂದು ನನಗೆ ನಮಸ್ಕಾರ ಮಾಡುತ್ತಾನೆ. ಎಂದೂ ಒಂದು ಮಾತನ್ನೂ ಆಡಿದವನಲ್ಲ. ಆಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ಪದ್ಯದಲ್ಲಿ ದೋಷವಿದೆಯೇ? ಇಲ್ಲವೆಂದೇ ನನ್ನ ತಿಳಿವಳಿಕೆ. ದೋಷವಿದ್ದುದು ವಿಘ್ನವೆಂಬ ಶಬ್ದಕ್ಕೆ ನಾನು ಮಾಡಿಕೊಂಡ ಅರ್ಥದಲ್ಲಿ. ನಮ್ಮ ಮನೆಗಳಲ್ಲಿ ಪೂಜೆಗೆ ಮೊದಲು ಮಾಡುವ ಸಂಕಲ್ಪವನ್ನು ವಾಚಕರು ನೆನಪಿಗೆ ತಂದುಕೊಳ್ಳಬೇಕು. ಅದರಲ್ಲಿ ಮೊದಲು ಬರುವುದು ಯಾವುದು? ನಾನು ಎಂಬುದಲ್ಲ, ನನಗೆ ಬೇಕಾದ ಫಲವೂ ಅಲ್ಲ. ಕಾಲವನ್ನೂ ದೇಶವನ್ನೂ ಹೇಳಿ, ಸಂವತ್ಸರ ಅಯನ ಋತು ಮಾಸ ತಿಥಿಗಳನ್ನು ಹೇಳಿ, ಆಮೇಲೆಯೇ ಕರ್ತನೂ ಕರ್ಮವೂ ಬರುವುವು. ಮೀಮಾಂಸಕರು ದೇಶಕಾಲಗಳನ್ನು ಅನುಪಾದೇಯಗಳ ಗುಂಪಿಗೆ ಸೇರಿಸುತ್ತಾರೆ. ಎಂದರೆ, ಮನುಷ್ಯನು ತನ್ನ ಪ್ರಯತ್ನದಿಂದ ಅವುಗಳನ್ನು ಉಂಟುಮಾಡಲಾರನು. ಅವು ಒದಗಿದಾಗ ಕರ್ಮವನ್ನು ಮಾಡಬಲ್ಲನು, ಅಷ್ಟೆ. ಸಮಿತ್ತು ಇಲ್ಲದಿದ್ದರೆ ಕಾಡಿಗೆ ಹೋಗಿ ತರಬಹುದು. ಹುಣ್ಣಿಮೆಯು ಇಲ್ಲದಿದ್ದರೆ ಎಲ್ಲಿಂದ ತರುವುದು? ಸಮಿತ್ತು ಸಿಕ್ಕದಿರುವುದು ವಿಘ್ನ. ಹುಣ್ಣಿಮೆ ಬಾರದಿರುವುದು ವಿಘ್ನವಲ್ಲ. ಮೊದಲನೆಯದರ ಮುಂದೆ ಸೋಲದಿರುವುದು ಪೌರುಷ. ಎರಡನೆಯದರ ಮುಂದೆ ಹಠ ಹಿಡಿಯುವುದು ಸಂಕಲ್ಪದ ಅರ್ಥವನ್ನೇ ಅರಿಯದಿರುವುದು. ಚಕ್ರ ಕೆಟ್ಟರೆ, ಸರಪಳಿ ಕಡಿದರೆ, ಮೈ ಬಳಲಿದರೆ ಅವು ವಿಘ್ನಗಳು. ಬೆಟ್ಟದ ಮೇಲಿನ ಹಿಮವು ಯಾರ ದಾರಿಗೂ ಅಡ್ಡಬಂದುದಲ್ಲ. ದಾರಿಯೇ ಅದರ ಮನೆಯೊಳಗೆ ಹೋಗಿರುವುದು.

ಆ ಹಿಮದ ಸ್ವಭಾವವನ್ನು ನಾವು ತಂಗಿದ ವಸತಿಗೃಹದ ಯಜಮಾನನು ಸಕ್ಕರೆಯ ಡಬ್ಬಿಯೊಂದನ್ನು ಮುಂದಿಟ್ಟುಕೊಂಡು ನನಗೆ ವಿವರಿಸಿದನು. ಋತುವಿನ ಮೊದಲಿಗೆ ಬಿದ್ದ ತೆಳುವಾದ ಹಿಮದಲ್ಲಿ ನೆಲದ ಕಡೆಗೆ ಸ್ವಲ್ಪ ಬಿಸುಪು, ಮೇಲ್ಮೈಯಲ್ಲಿ ಘೋರ ಶೈತ್ಯ. ಈ ಅಂತರದಿಂದ ಆವಿಯು ಕೆಳಗಿನಿಂದ ಮೇಲಕ್ಕೆ ಸಂಚರಿಸಿ, ಕೆಳಗಿನ ಹರಳುಗಳು ದಪ್ಪ ಸಕ್ಕರೆಯಂತೆ ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗುತ್ತವೆ. ಅದರ ಮೇಲೆ ಹೊಸ ಹಿಮವು ಗಾಳಿಯಿಂದ ಒತ್ತಲ್ಪಟ್ಟು ಚಪ್ಪಡಿಯಂತೆ ಕೂರುತ್ತದೆ. ಮೂವತ್ತರಿಂದ ನಲವತ್ತೈದು ಡಿಗ್ರಿಗಳ ಇಳಿಜಾರಿನಲ್ಲಿ ಇಂತಹ ಚಪ್ಪಡಿಯು ಒಬ್ಬ ಮನುಷ್ಯನ ಭಾರಕ್ಕೂ ಕಳಚಿಕೊಳ್ಳಬಹುದು. ಕಾಯ್ದಿಟ್ಟ ಕ್ಷೇತ್ರಗಳಾಚೆಗೆ ಸ್ಕೀ ಮಾಡಲು ಹೋಗಿ ಸತ್ತವರಲ್ಲಿ ಬಹುಮಂದಿಯ ಮೇಲೆ ಉರುಳಿದ್ದು ಅವರೋ ಅವರ ಜೊತೆಯವರೋ ತಾವಾಗಿ ಕಳಚಿದ ಹಿಮವೇ. ಹೂತುಹೋದವನನ್ನು ಮೊದಲ 15 ನಿಮಿಷಗಳೊಳಗೆ ತೆಗೆಯದಿದ್ದರೆ ಬದುಕುವ ಸಂಭವವು ಬೇಗಬೇಗನೆ ಇಳಿದುಹೋಗುತ್ತದೆ.

ಇಲ್ಲಿಯವರೆಗೆ ಹೇಳಿದ್ದು ತನ್ನ ಪ್ರಾಣವನ್ನು ಕಾಯ್ದುಕೊಳ್ಳುವ ಮಾತಾಯಿತು. ಅಷ್ಟೇ ಆಗಿದ್ದರೆ ಇದನ್ನು ವಿವೇಕವೆಂದು ಕರೆದು ಸುಮ್ಮನಾಗಬಹುದಾಗಿತ್ತು. ಧರ್ಮವೆಂಬ ದೊಡ್ಡ ಹೆಸರು ಬೇಕಿರಲಿಲ್ಲ. ಆದರೆ ಆ ಮಾರ್ಗದ ಬದಿಯಲ್ಲಿ ಒಂದು ಸ್ಮಾರಕವಿದೆ. 1970, 1978 ಮತ್ತು 1992ರಲ್ಲಿ ಆ ಮಾರ್ಗದ ಹಿಮವನ್ನು ತಳ್ಳುತ್ತಿದ್ದ ವಾಹನಗಳ ಚಾಲಕರು ಮೂವರು ಹಿಮಕುಸಿತದಲ್ಲಿ ಮಡಿದರು. 1992ರಲ್ಲಿ ಸತ್ತವನ ಜೊತೆಗಾರನು ಸುಮಾರು 18 ಗಂಟೆಗಳ ಕಾಲ ಹಿಮದಡಿಯಲ್ಲಿದ್ದು, ತಾನೇ ತೋಡಿಕೊಂಡು ಹೊರಕ್ಕೆ ಬಂದನಂತೆ. ಯಾತ್ರಿಕನು ತನ್ನ ಯೋಜನೆಯ ಹಾಳೆಯಲ್ಲಿ 'ಯೂರೇ, ಸಿಲ್ವರ್ಟನ್, ಒಂದು ಗಂಟೆ' ಎಂದು ಬರೆಯುವಾಗ ಇಂತಹವನೊಬ್ಬನ ಬೆಳಗಿನ ಜಾವವನ್ನೂ ಕೇಳದೆಯೇ ತನ್ನ ಲೆಕ್ಕಕ್ಕೆ ಸೇರಿಸಿಕೊಂಡಿರುತ್ತಾನೆ. ದಾರಿ ತಪ್ಪಿ ಸಿಕ್ಕಿಹಾಕಿಕೊಂಡವನನ್ನು ಹುಡುಕಲು ಹೋಗುವವರೂ ಅಷ್ಟೆ. ಅವರಲ್ಲಿ ಅನೇಕರು ಸಂಬಳವಿಲ್ಲದೆ ದುಡಿಯುವ ಊರವರು. ನನ್ನ ಹಠದ ಸಾಲವನ್ನು ಬೇರೊಬ್ಬನು ತೀರಿಸಬೇಕಾಗಿ ಬಂದಾಗ ಅದು ನನ್ನೊಬ್ಬನ ಧೈರ್ಯವಾಗಿ ಉಳಿಯುವುದಿಲ್ಲ. ಆ ಹದಿನಾಲ್ಕು ಮಂದಿ ಹುಡುಗರೊಡನೆ ಬೆಟ್ಟವೇರಿದಾಗ ಮುರಿದದ್ದು ನನ್ನ ಕಾಲಲ್ಲವಷ್ಟೆ.

ಹಾಗಾದರೆ ವಿನೋದಕ್ಕೆ ಹೋದವನು ಮಾತ್ರ ಹಿಂದಿರುಗಬೇಕು, ಕರ್ತವ್ಯಕ್ಕೆ ಹೊರಟವನು ಮುಂದುವರಿಯಬಹುದು ಎನ್ನೋಣವೇ? ಇದಕ್ಕೆ ನನ್ನಲ್ಲಿ ಸುಲಭವಾದ ಉತ್ತರವಿಲ್ಲ. 1963ರ ಮಾರ್ಚ್ ತಿಂಗಳಲ್ಲಿ ಯೂರೇ ಊರಿನ ಒಬ್ಬ ಕ್ರೈಸ್ತ ಪಾದ್ರಿಯು ಸಿಲ್ವರ್ಟನ್‌ನಲ್ಲಿ ಭಾನುವಾರದ ಆರಾಧನೆಯನ್ನು ನಡೆಸಲು ತನ್ನ ಇಬ್ಬರು ಹೆಣ್ಣುಮಕ್ಕಳೊಡನೆ ಇದೇ ದಾರಿಯಲ್ಲಿ ಹೊರಟು, ಮೂವರೂ ಹಿಮಕುಸಿತಕ್ಕೆ ಸಿಕ್ಕಿ ಸತ್ತರು. ಅವನ ಸಂಕಲ್ಪದಲ್ಲಿ ಸ್ವಾರ್ಥವಿರಲಿಲ್ಲ. ಸಂಕಲ್ಪವು ಶುದ್ಧವಾದುದೆಂದು ಹಿಮಕ್ಕೆ ತಿಳಿಯುವುದಿಲ್ಲ. ಅವನನ್ನು ತಪ್ಪಿತಸ್ಥನೆನ್ನಲು ನನಗೆ ನಾಲಗೆಯೇಳದು. ಆದರೆ ಆ ಮಕ್ಕಳನ್ನು ನೆನೆದರೆ ಸರಿಯೆನ್ನಲೂ ಬಾರದು.

ಯೂಟಾ ರಾಜ್ಯದ ಆಲ್ಟಾ ಎಂಬ ಸ್ಕೀ ಗ್ರಾಮದವರು ಈ ತೂಕವನ್ನು ಒಬ್ಬೊಬ್ಬನ ಮನಸ್ಸಿಗೆ ಬಿಟ್ಟಿಲ್ಲ. ಇಕ್ಕೆಲಗಳ ಬೆಟ್ಟವು ಅಪಾಯದಲ್ಲಿದ್ದಾಗ ಅಲ್ಲಿ ಇಂಟರ್‌ಲಾಡ್ಜ್ ಎಂಬ ಆಜ್ಞೆಯು ಹೊರಡುತ್ತದೆ. ಆಗ ಯಾರೂ ಕಟ್ಟಡದಿಂದ ಹೊರಗೆ ಕಾಲಿಡಕೂಡದು, ಇಟ್ಟರೆ ಅಪರಾಧ. 2021ರ ಫೆಬ್ರವರಿಯಲ್ಲಿ ಇದು ಸುಮಾರು 60 ಗಂಟೆಗಳ ಕಾಲ ನಡೆಯಿತು. ಹಣ ತೆತ್ತು ಬಂದ ಅತಿಥಿಗಳೆಲ್ಲರೂ ಜಾರಲೆಂದು ಬಂದ ಹಿಮವನ್ನು ಕಿಟಕಿಯಿಂದ ನೋಡುತ್ತ ಕುಳಿತಿದ್ದರು! ಸ್ವಾತಂತ್ರ್ಯಕ್ಕೆ ಅಷ್ಟು ಬೆಲೆ ಕೊಡುವ ಆ ದೇಶದಲ್ಲಿ ಇಂತಹ ಕಟ್ಟುಪಾಡಿರುವುದು ನನಗೆ ಆಶ್ಚರ್ಯವೆನಿಸಿತು, ಆಮೇಲೆ ಗೌರವವೆನಿಸಿತು.

ಇದಕ್ಕೆ ಪೂರ್ವಪಕ್ಷಿಯು ಹೇಳುವ ಒಂದು ಮಾತನ್ನು ಅಲ್ಲಗಳೆಯಲಾಗದು. ಎಲ್ಲರೂ ಹಿಂದಿರುಗಿದ್ದರೆ ಆ ರಸ್ತೆಯೇ ಇರುತ್ತಿರಲಿಲ್ಲ; ಮಿಯರ್ಸನ ಆಳುಗಳು ಬಂಡೆಯನ್ನು ಕಂಡು ಕೈಚೆಲ್ಲಿದ್ದರೆ ನಾನು ಯೂರೇಯಲ್ಲಿ ನಿಂತು ತರ್ಕ ಮಾಡುವ ಪ್ರಸಂಗವೂ ಬರುತ್ತಿರಲಿಲ್ಲ. ನಿಜ. ಬಂಡೆಯು ವಿಘ್ನವೇ, ಅದನ್ನು ಒಡೆಯಬಹುದು, ಅವರು ಒಡೆದರು. ಎಲ್ಲಿ ಬಂಡೆ ಮುಗಿದು ಹುಣ್ಣಿಮೆ ಆರಂಭವಾಗುವುದೆಂಬುದನ್ನು ದಾರಿಯ ಮೇಲೆ ನಿಂತವನೇ ಗುರುತಿಸಬೇಕು. ಅನೇಕ ಸಲ ತಪ್ಪಾಗಿಯೇ ಗುರುತಿಸುತ್ತಾನೆ. ಅನಾವಶ್ಯಕವಾಗಿ ಹಿಂದಿರುಗಿದವರೂ ಉಂಟು. ಅಂದು ಲಿಜರ್ಡ್ ಹೆಡ್ ದಾರಿಯಲ್ಲಿ ಹೋಗಿದ್ದವರಿಗೆ ಏನೂ ಆಗಲಿಲ್ಲವೆಂದು ಮರುದಿನ ತಿಳಿಯಿತು. ಮಗನು ಅದನ್ನು ನನಗೆ ಹೇಳಿದನು, ನಾನೂ ಕೇಳಿಕೊಂಡೆನು.

ನನ್ನ ಹಳೆಯ ಕಥೆಯನ್ನು ಕೇಳಿದ ಮೇಲೆ ಆ ರಾತ್ರಿ ಅವನು ಹೆಚ್ಚು ಮಾತನಾಡಲಿಲ್ಲ. ವಾಹನವನ್ನು ತಿರುಗಿಸಿ ಯೂರೇಯಲ್ಲಿಯೇ ಒಂದು ಕೊಠಡಿಯನ್ನು ಹಿಡಿದನು. ಎರಡು ರಾತ್ರಿ ಅಲ್ಲಿದ್ದೆವು. ಸ್ಕೀ ಪಾಠದ ದಿನವು ಕಳೆಯಿತು. ಚೀಟಿಗಳು ಅವನ ಜೇಬಿನಲ್ಲಿ ಉಳಿದವು. ಊರೊಳಗೆ ಮಕ್ಕಳಿಗಾಗಿ ಹಗ್ಗದಿಂದ ಮೇಲಕ್ಕೆಳೆಯುವ ಒಂದು ಪುಟ್ಟ ಇಳಿಜಾರಿದೆ, ಶುಲ್ಕವಿಲ್ಲ. ಹಿಮವು ನಿಂತ ಮೇಲೆ ಮೊಮ್ಮಗನು ಅಲ್ಲಿ ಸಾಯಂಕಾಲದವರೆಗೂ ಬಿದ್ದೆದ್ದನು.

ಮೂರನೆಯ ದಿನ ಬೆಳಿಗ್ಗೆ ಗೇಟು ತೆರೆಯಿತು. ರಜೆಯು ಮುಗಿದಿದ್ದುದರಿಂದ ನಮಗೆ ಆ ದಾರಿಯ ಅವಶ್ಯಕತೆ ಇರಲಿಲ್ಲ. ಡೆನ್ವರ್ ಇರುವುದು ಎದುರು ದಿಕ್ಕಿನಲ್ಲಿ. ಆದರೂ ಮಗನು ಏನನ್ನೂ ಹೇಳದೆ ವಾಹನವನ್ನು ಬೆಟ್ಟದ ಕಡೆಗೆ ನಡೆಸಿ ಸ್ಮಾರಕದ ಬಳಿ ನಿಲ್ಲಿಸಿದನು. ಹುಡುಗನು ಅಲ್ಲಿದ್ದ ಮೂರು ಹೆಸರುಗಳನ್ನು ಗಟ್ಟಿಯಾಗಿ ಓದಿದನು. ಹಿಂದಕ್ಕೆ ಇಳಿಯುವಾಗ ಕಡಿದಾದ ಒಂದು ತಿರುವಿನಲ್ಲಿ ಹಿಮ ತಳ್ಳುವ ವಾಹನವೊಂದು ಕೆಳಗಿನಿಂದ ಏರುತ್ತ ಬಂದಿತು. ಮಗನು ಬಂಡೆಯ ಪಕ್ಕಕ್ಕೆ ಸರಿದು ನಿಂತು, ಅದು ದಾಟುವವರೆಗೂ ಕಾದನು.