ಕಸ ಯಾರಿಗೆ, ರಸ ಯಾರಿಗೆ?

ಕಸದಿಂದ ರಸ ಅನ್ನುವ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಸವೆದ ಕಾರಿನ ಟೈರುಗಳನ್ನು ಉಕ್ಕಿನ ದೊಡ್ಡ ಪೀಪಾಯಿಗೆ ತುಂಬಿ, ಗಾಳಿಯಾಡದಂತೆ ಬಾಗಿಲು ಬಿಗಿದು, ಹೊರಗಿನಿಂದ ಬೆಂಕಿ ಕೊಡುತ್ತಾರೆ. 400-500 ಡಿಗ್ರಿ ಕಾವಿನಲ್ಲಿ ರಬ್ಬರು ಉರಿಯದೆ ಒಡೆದು ಆವಿಯಾಗುತ್ತದೆ. ಆವಿ ತಣಿದರೆ ಎಣ್ಣೆ. ಬಾಯ್ಲರಿಗೆ, ಕುಲುಮೆಗೆ ಹೋಗುತ್ತದೆ. ತಳದಲ್ಲಿ ಕಪ್ಪು ಪುಡಿ, ಉಕ್ಕಿನ ತಂತಿ ಉಳಿಯುತ್ತವೆ. ಇದನ್ನು ಪೈರಾಲಿಸಿಸ್ ಅನ್ನುತ್ತಾರೆ. ನೂರು ಕಿಲೋ ಟೈರಿಗೆ ಹೆಚ್ಚುಕಡಿಮೆ 40 ಕಿಲೋ ಎಣ್ಣೆ. ಈ ವಿದ್ಯೆಯ ಮೇಲೆ ನಮಗೆ ಸಿಟ್ಟಿಲ್ಲ. ನಾವು ಕೇಳುವುದಿಷ್ಟೆ: ರಸ ಯಾರಿಗೆ, ಕಸ ಯಾರಿಗೆ?

ಬೆಂದ ಮೇಲೆ ಬಾಗಿಲು ತೆಗೆಯಬೇಕಲ್ಲ, ನಮ್ಮ ಜನದ ಕತೆ ಅಲ್ಲಿಂದ ಶುರು. ಪೂರಾ ತಣಿಯುವ ತನಕ ಕಾಯಬೇಕು. ಕಾದರೆ ಮಾಲೀಕನಿಗೆ ನಷ್ಟ. ಬಿಸಿಯಿದ್ದಾಗಲೇ ತೆಗೆದರೆ ಒಳಗುಳಿದ ಅನಿಲ ಗಾಳಿ ಸೋಕಿ ಭಗ್ಗೆನ್ನಬಹುದು. ಕಪ್ಪು ಪುಡಿ ಎದೆಗಿಳಿಯುತ್ತದೆ. ಆ ಬಾಗಿಲ ಮುಂದೆ ಮಾಲೀಕ ನಿಲ್ಲೋದಿಲ್ಲ.

2019ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಲೆಕ್ಕ ಕೊಟ್ಟಿತು: 19 ರಾಜ್ಯಗಳ 637 ಘಟಕಗಳಲ್ಲಿ 270 ನಿಯಮ ಪಾಲಿಸುತ್ತಿರಲಿಲ್ಲ. ಎಣ್ಣೆ ತೆಗೆಯಲು ಹೊರದೇಶದ ಹಳೆ ಟೈರು ತರಿಸಕೂಡದೆಂದು 2022ರ ನಿಯಮ ಬಂತು. 2025ರ ಜನವರಿಯಲ್ಲಿ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯ ವಾಡಾದಲ್ಲಿ ಇಂಥದೊಂದು ಘಟಕ ಸಿಡಿದು ಇಬ್ಬರು ಹೆಂಗಸರು, ಇಬ್ಬರು ಮಕ್ಕಳು ಸತ್ತರು. ಅಲ್ಲಿ ಬೇಯುತ್ತಿದ್ದದ್ದು ಯುರೋಪಿನಿಂದ ಬಂದ ಟೈರು. ನಿಯಮ ಕಾಗದದ ಮೇಲಿತ್ತು, ಟೈರು ಒಲೆಯ ಮೇಲಿತ್ತು. ಮಕ್ಕಳಿಗೆ ಅಲ್ಲೇನು ಕೆಲಸ ಎಂದು ಕೇಳುವವರು, ಕೂಲಿಗೆ ಹೋಗೋ ತಾಯಿ ಮಗುವನ್ನು ಎಲ್ಲಿ ಬಿಡಬೇಕೆಂದೂ ಹೇಳಲಿ.

ಈ ಲೆಕ್ಕ ನಮಗೆ ಹೊಸದಲ್ಲ. ಸತ್ತ ದನವನ್ನು ಊರಾಚೆಗೆ ಹೊತ್ತವರು ನಾವು. ಚರ್ಮ ಹದಮಾಡಿ ಬಾರು, ಮಿಣಿ, ಮೆಟ್ಟು ಮಾಡಿಕೊಟ್ಟೆವು. ಅದೂ ಕಸದಿಂದ ರಸವೇ. ಮೆಟ್ಟು ಊರಿನ ಕಾಲಿಗೆ ಹೋಯಿತು, ಮೈಲಿಗೆ ನಮ್ಮ ಹೆಸರಿಗೆ ಅಂಟಿತು. ಇಂದು ಕಾರಿನವನು ಟೈರು ಬದಲಿಸಿ, ಪರಿಸರ ಉಳಿಯಿತೆಂದು ಮಡಿಯಾಗುತ್ತಾನೆ. ಅವನ ಮಡಿಗೆ ಇನ್ನೊಬ್ಬನ ಎದೆ ಕಪ್ಪಾಗಬೇಕು.

"ಕೂಲಿನಾದ್ರೂ ಸಿಗ್ತದಲ್ಲ, ಮುಚ್ಚಿಸಿದ್ರೆ ಏನ್ ತಿಂತಾರೆ?" ಎಂದು ಗೆಳೆಯರು ಕೇಳುತ್ತಾರೆ. ಈ ಪ್ರಶ್ನೆಯನ್ನು ನಾವು ತಳ್ಳಿಹಾಕುವುದಿಲ್ಲ. ಹಸಿದವನಿಗೆ ನೀತಿ ಹೇಳೋದು ಹೊಟ್ಟೆ ತುಂಬಿದವರ ಚಟ. ಆದರೆ ಹಸಿವು ಒತ್ತಿದ ಹೆಬ್ಬೆಟ್ಟನ್ನು ಒಪ್ಪಿಗೆ ಎಂದು ಎಣಿಸುವುದು ಅನೀತಿ. ಟೈರು ಮಾಡಿದ ಕಂಪನಿಯೇ ಸವೆದ ಟೈರಿನ ಹೊಣೆ ಹೊರಬೇಕೆಂದು ಅದೇ 2022ರ ನಿಯಮ ಹೇಳುತ್ತದೆ. ಹಾಗಿದ್ದರೆ ಬಾಗಿಲು ತಣಿಯುವ ತನಕ ಕಾಯುವ ಹೊತ್ತಿನ ಕೂಲಿಯೂ ಆ ಹೊಣೆಯೊಳಗೆ ಸೇರಲಿ.

ಹಳ್ಳಿಯ ಮೇಷ್ಟ್ರುಗಳೇ, ಕಸದಿಂದ ರಸ ಎಂದು ಮಕ್ಕಳಿಗೆ ಪಾಠ ಹೇಳುವಾಗ ಬಾಗಿಲು ತೆಗೆಯುವವನ ಮಾತನ್ನೂ ಹೇಳಿ. ಆ ಮಕ್ಕಳಲ್ಲಿ ಅವನ ಮಗನೂ ಕೂತಿರುತ್ತಾನೆ.