ಇಲ್ಲದ ನೌಕೆಯ ಇರವು

ಅಮೆರಿಕದ ಇಲಿನಾಯ್ ಪ್ರಾಂತದ ನಾರ್ಮಲ್ ಎಂಬ ಊರಿನಲ್ಲಿದ್ದ ಗೇಮ್ ಡಿಸೈನರ್ಸ್ ವರ್ಕ್‌ಶಾಪ್ ಎಂಬ ಸಂಸ್ಥೆಯು 1977ರಲ್ಲಿ ಪ್ರಕಟಿಸಿದ ‘ಟ್ರಾವೆಲರ್’ ಎಂಬ, ಮೇಜಿನ ಸುತ್ತ ಕುಳಿತು ದಾಳ ಉರುಳಿಸುತ್ತ ಆಡುವ ಪಾತ್ರಾಭಿನಯದ ಆಟದೊಳಗೆ ಸುಮಾರು 11,000 ಲೋಕಗಳನ್ನಾಳುವ ಸಾಮ್ರಾಜ್ಯವೊಂದುಂಟು. ಆ ಸಾಮ್ರಾಜ್ಯದ ನೌಕಾಬಲಕ್ಕೆ ಸೇರಿದ, 60,000 ಟನ್ನುಗಳ, ‘ಅಝಾಂಟಿ ಹೈ ಲೈಟ್ನಿಂಗ್’ ಎಂಬ, ನಕ್ಷತ್ರಗಳ ನಡುವೆ ಸಂಚರಿಸುವ ಕ್ರೂಸರ್ ಯುದ್ಧನೌಕೆಯೊಂದುಂಟು. 1980ರಲ್ಲಿ ಅದರ ಅಂತಸ್ತುಗಳ ನಕ್ಷೆಗಳನ್ನೂ, ಅದರ ಒಳಗೇ ನಡೆಯಬಹುದಾದ ಕಾಳಗದ ನಿಯಮಗಳನ್ನೂ ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು ಮಾರಿದರು. ಕಬ್ಬಿಣದ ಒಂದು ಮೊಳೆಯೂ ಎಲ್ಲಿಯೂ ಬಡಿಯಲ್ಪಡದ ಈ ಹಡಗು ಯಾವ ಅರ್ಥದಲ್ಲಿ ಇದೆ, ಅದರ ಮೇಲೆ ನಿಂತು ಮನುಷ್ಯನು ಮಾಡಿದ್ದು ಯಾವ ಅರ್ಥದಲ್ಲಿ ಅವನ ಕರ್ಮ, ಎಂಬ ಪ್ರಶ್ನೆಯು ಮಕ್ಕಳಾಟದ್ದೆಂದು ತಳ್ಳಿಹಾಕತಕ್ಕದ್ದಲ್ಲ.

ನಮ್ಮ ತಾರ್ಕಿಕರು ಶುದ್ಧ ಅಸತ್ತಿಗೆ ಮೊಲದ ಕೊಂಬನ್ನೂ ಆಕಾಶಪುಷ್ಪವನ್ನೂ ಬಂಜೆಯ ಮಗನನ್ನೂ ಉದಾಹರಿಸುತ್ತಾರೆ. ಆಕಾಶಪುಷ್ಪಕ್ಕೆ ಎಸಳುಗಳೆಷ್ಟು ಎಂದು ವಾದಕ್ಕೆ ನಿಂತರೆ ಐದೆಂದವನಿಗೂ ಎಂಟೆಂದವನಿಗೂ ಸೋಲಿಲ್ಲ, ಗೆಲುವಿಲ್ಲ. ನೌಕೆಯ ಸಂಗತಿ ಹಾಗಲ್ಲ. ಆ ಆಟದಲ್ಲಿ ಟನ್ನೆಂಬುದು ತೂಕವಲ್ಲ, ಗಾತ್ರ. ಒಂದು ಟನ್ ದ್ರವ ಜಲಜನಕವು ಆಕ್ರಮಿಸುವಷ್ಟು ಸ್ಥಳ, ಸುಮಾರು 14 ಘನಮೀಟರು. ಒಂದು ಪಾರ್ಸೆಕ್, ಎಂದರೆ 3.26 ಜ್ಯೋತಿರ್ವರ್ಷದಷ್ಟು ದೂರ, ಹಾರುವುದಕ್ಕೆ ಹಡಗಿನ ಗಾತ್ರದ ಹತ್ತನೆಯ ಒಂದು ಪಾಲು ಇಂಧನ ವ್ಯಯವಾಗುತ್ತದೆ. ಆದುದರಿಂದ ಈ ಕ್ರೂಸರಿಗೆ 600 ಟನ್ ಸಾಕೆಂದವನು ತಪ್ಪಿದನು. 6,000 ಬೇಕೆಂದವನು ಸರಿ. ಇಲ್ಲದ ವಸ್ತುವಿನ ವಿಷಯದಲ್ಲಿ ಒಬ್ಬನು ತಪ್ಪುವುದು ಸಾಧ್ಯವಾಗಿದೆ! ಪ್ರಮಾದಕ್ಕೆ ಅವಕಾಶವಿರುವೆಡೆಯಲ್ಲಿ ಪ್ರಮೆಗೂ, ಎಂದರೆ ಸರಿಯಾದ ಅರಿವಿಗೂ, ಒಂದು ನೆಲೆಯಿರಲೇಬೇಕು.

ಹಾಗಾದರೆ ಇದು ಪ್ರಾತಿಭಾಸಿಕವೆ, ವೇದಾಂತಿಗಳ ರಜ್ಜುಸರ್ಪದ ಜಾತಿಯೆ? ಅದೂ ಒಪ್ಪುವುದಿಲ್ಲ. ಹಗ್ಗವನ್ನು ಹಾವೆಂದು ಕಂಡವನು ಮೋಸಹೋಗಿದ್ದಾನೆ; ದೀಪ ಬಂದೊಡನೆ ಹಾವು ಅಳಿಯುತ್ತದೆ. ಇಲ್ಲಿ ದೀಪವು ಮೊದಲಿನಿಂದಲೂ ಉರಿಯುತ್ತಲೇ ಇದೆ, ಮೇಜಿನ ಸುತ್ತ ಕುಳಿತ ಯಾರಿಗೂ ಭ್ರಾಂತಿಯಿಲ್ಲ, ಆದರೂ ನೌಕೆ ಅಳಿಯದು. ಬಾಧವನ್ನು, ಎಂದರೆ ಅದು ಹಾಗಿಲ್ಲವೆಂಬುದನ್ನು, ಅರಿತಿದ್ದೂ ಇಚ್ಛೆಯಿಂದ ತಂದುಕೊಳ್ಳುವ ಇಂಥ ಅರಿವಿಗೆ ನೈಯಾಯಿಕರು ಆಹಾರ್ಯಜ್ಞಾನವೆಂದು ಹೆಸರಿಟ್ಟಿದ್ದಾರೆ. ನಟನಲ್ಲಿ ರಾಮನನ್ನು ಕಾಣುವ ಪ್ರೇಕ್ಷಕನ ಪ್ರತೀತಿಯು ಸತ್ಯವೂ ಅಲ್ಲ, ಮಿಥ್ಯೆಯೂ ಅಲ್ಲ, ಸಂಶಯವೂ ಅಲ್ಲ, ಸಾದೃಶ್ಯವೂ ಅಲ್ಲ, ಚಿತ್ರದ ಕುದುರೆಯನ್ನು ಕುದುರೆಯೆನ್ನುವಂಥದು ಎಂದು ನಾಟ್ಯಮೀಮಾಂಸಕ ಶ್ರೀಶಂಕುಕನು ಹೇಳಿದ್ದನ್ನು ಅಭಿನವಗುಪ್ತನು ದಾಖಲಿಸಿದ್ದಾನೆ. 1905ರಲ್ಲಿ ರಸೆಲ್ ಪಂಡಿತನು ಇಲ್ಲದ್ದೂ ಒಂದು ವಸ್ತುವೇ ಎಂದ ಮೈನಾಂಗನ ಅಸದ್ವಸ್ತುಗಳನ್ನು ಪದವಿಶ್ಲೇಷಣೆಯಿಂದ ಗುಡಿಸಿಹಾಕಲು ಹೊರಟ ಪ್ರಯತ್ನಕ್ಕಿಂತ ಶಂಕುಕನ ಈ ಮಾತು ನಮ್ಮ ಪ್ರಕೃತಕ್ಕೆ ಹೆಚ್ಚು ಹತ್ತಿರವೆಂದು ನನಗೆ ತೋರುತ್ತದೆ.

ಆದರೂ ಶಂಕುಕನು ನಮ್ಮನ್ನು ಅರ್ಧದಾರಿಗೆ ಮಾತ್ರ ಕರೆದೊಯ್ಯುತ್ತಾನೆ. ನಾಟಕದ ಪ್ರೇಕ್ಷಕನು ರಾಮನ ಕಾರ್ಯವನ್ನು ನೋಡುವವನೇ ಹೊರತು ನಿಶ್ಚಯಿಸುವವನಲ್ಲ. ಈ ಆಟದವನೋ, ನಾಯಕನ ಸ್ಥಾನದಲ್ಲಿ ಕುಳಿತು ತಾನೇ ನಿಶ್ಚಯಿಸಬೇಕು. ಅದರಲ್ಲಿಯೂ ಈ ಕಲ್ಪಿತ ಸಾಮ್ರಾಜ್ಯದ ರಚನೆಯೇ ಅವನನ್ನು ಒಂಟಿಯಾಗಿ ನಿಲ್ಲಿಸುವಂತಿದೆ. ಅಲ್ಲಿ ಹಡಗಿಗಿಂತ ವೇಗವಾಗಿ ಸುದ್ದಿಯನ್ನು ಒಯ್ಯುವ ಸಾಧನವೇ ಇಲ್ಲ. ದೂರವು ಒಂದು ಪಾರ್ಸೆಕ್ ಆಗಲಿ ಆರಾಗಲಿ, ಪ್ರತಿಯೊಂದು ಹಾರುವಿಕೆಗೂ ಸುಮಾರು ಒಂದು ವಾರ ಹಿಡಿಯುತ್ತದೆ, ಆ ವಾರದಲ್ಲಿ ಹೊರಗಿನಿಂದ ಒಂದಕ್ಷರವೂ ಬಾರದು. ಹಾಯಿಹಡಗುಗಳ ಕಾಲವನ್ನು ನಕ್ಷತ್ರಗಳ ನಡುವೆ ಬೇಕೆಂದೇ ಹೀಗೆ ನೆಟ್ಟಿದ್ದಾರೆ. ರಾಜಧಾನಿಯ ಅಪ್ಪಣೆಯು ಗಡಿಯನ್ನು ಮುಟ್ಟುವ ವೇಳೆಗೆ ತಿಂಗಳುಗಳು ಕಳೆದು, ಅಪ್ಪಣೆಗೆ ಕಾರಣವಾದ ಸಂದರ್ಭವೇ ತೀರಿರುತ್ತದೆ. ಬೆಂಕಿ ಹತ್ತಿದ ಅಂತಸ್ತಿನಲ್ಲಿ ಜನರಿರುವಾಗಲೇ ಬಾಗಿಲು ಮುಚ್ಚಿಸಬೇಕೆ ಬೇಡವೆ ಎಂಬ ಪ್ರಶ್ನೆಯನ್ನು ನಾಯಕನು ಯಾರನ್ನು ಕೇಳಬೇಕು?

ಮುಚ್ಚಿಸಿದನೆನ್ನೋಣ. ಸತ್ತವರಾರೂ ಇಲ್ಲ, ಕಾಯಿಕವಾದ ಪಾಪವಿಲ್ಲ. ಆದರೆ ಕರ್ಮವನ್ನು ಕಾಯಿಕ, ವಾಚಿಕ, ಮಾನಸಿಕವೆಂದು ವಿಂಗಡಿಸಿದ ಸ್ಮೃತಿಕಾರನೂ, ಸಂಕಲ್ಪವನ್ನೇ ಕರ್ಮವೆಂದ ಬುದ್ಧನೂ ಇಷ್ಟಕ್ಕೆ ಸುಮ್ಮನಾಗುವವರಲ್ಲ. ನನ್ನ ಅಭಿಪ್ರಾಯದಲ್ಲಿ, ಕೊಲ್ಲಬೇಕೆಂಬ ಸಂಕಲ್ಪ ಅಲ್ಲಿ ಹುಟ್ಟಲಿಲ್ಲ, ಏಕೆಂದರೆ ಕೊಲ್ಲಿಸಿಕೊಳ್ಳುವವನಿಲ್ಲವೆಂಬ ಅರಿವು ಜೊತೆಗೇ ಇತ್ತು. ಆದರೆ ಮುಚ್ಚುವುದಕ್ಕೆ ಮುಂಚೆ ಎರಡು ಪಕ್ಷಗಳನ್ನೂ ತೂಗಿದ ವಿವೇಚನೆಯು ಕಲ್ಪಿತವಾಗಿರಲಿಲ್ಲ. ಸಲೀಸಾಗಿ ಮುಚ್ಚಿಸುವುದನ್ನು ಅಭ್ಯಾಸ ಮಾಡಿಕೊಂಡ ಮನಸ್ಸಿನಲ್ಲಿ ಒಂದು ಸಂಸ್ಕಾರವು ಉಳಿಯುವುದೂ ಅಷ್ಟೇ ನಿಜ.

ಹಾಗೆಂದರೆ ಕಾದಂಬರಿಯಲ್ಲಿ ಕೊಲೆ ಮಾಡಿಸುವ ಲೇಖಕನಿಗೂ ಇದೇ ಲೇಪವೆ ಎಂದು ಪೂರ್ವಪಕ್ಷಿ ಕೇಳಬಹುದು. ಅಲ್ಲವೆನ್ನುತ್ತೇನೆ. ಕಾದಂಬರಿಕಾರನು ಕೊಲೆಗಾರನನ್ನೂ ಹತನನ್ನೂ ನ್ಯಾಯಾಧೀಶನನ್ನೂ ಒಟ್ಟಿಗೆ ಹೊತ್ತವನು, ಮುಂದಾಗುವುದು ಅವನ ಕೈಯಲ್ಲಿದೆ. ಆಟದ ನಾಯಕನಿಗೆ ಮುಂದಾಗುವುದು ತಿಳಿಯದು. ಬಾಗಿಲಿನ ಆಚೆಯವರು ಉಳಿದರೋ ಅಳಿದರೋ ಎಂಬುದನ್ನು ಎರಡು ದಾಳಗಳು ನಿರ್ಣಯಿಸುತ್ತವೆ, ಮತ್ತು ದಾಳಗಳು ಉರುಳುವ ಮೊದಲೇ ಅವನು ಅಪ್ಪಣೆ ಕೊಟ್ಟಾಗಿರುತ್ತದೆ.