ಹೊಸ ಬಟ್ಟೆಗೆ ಏನು ಗೊತ್ತು?

ದೇವರಿಗೆ ಯಾವ ಬಟ್ಟೆ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂಬ ಮಾತು ಈಗ ನಮ್ಮ ಕಡೆ ಎದ್ದಿದೆ. ಆಂಧ್ರದ ಆದೋನಿ, ಆಲೂರು, ಹೊಳಗುಂದದ ಸುತ್ತಿನ ಹಳ್ಳಿಗಳಲ್ಲಿ ಬೇವಿನ ಮರದ ಬುಡಕ್ಕೆ ಕೂತಿದ್ದ ಸುಂಕುಲಮ್ಮ, ಮಾರೆಮ್ಮರಿಗೆಲ್ಲ ಒಬ್ಬೊಬ್ಬರಿಗಾಗಿ ಕಲ್ಲಿನ ಗುಡಿ ಏಳುತ್ತಿದೆ. ನಮ್ಮೂರಲ್ಲೂ ಎದ್ದಿತು. ಗುಡಿಯ ಜೊತೆ ಆಗಮ ಓದಿದ ಅರ್ಚಕರು ಬಂದರು. ಒಳ್ಳೆಯವರು, ಮಂತ್ರ ಸ್ಪಷ್ಟವಾಗಿ ಹೇಳುತ್ತಾರೆ. ಅಮ್ಮನ ಗದ್ದಿಗೆಯ ಮೇಲೆ ತಲೆಮಾರಿನಿಂದ ಹಾಸುತ್ತಿದ್ದ, ಉಟ್ಟು ಹಳತಾದ ಬಟ್ಟೆಗಳಿಂದ ಹೊಲಿದ ಕೌದಿಯನ್ನು ಅವರು ಮೆಲ್ಲಗೆ ಮಡಚಿ ಪಕ್ಕಕ್ಕಿಟ್ಟು, "ಉಟ್ಟ ಬಟ್ಟೆ ಮೈಲಿಗೆ ಅಮ್ಮಾ, ಹೊಸ ರೇಷ್ಮೆ ತನ್ನಿ" ಅಂದರು. ಅವರ ಮಾತಿಗೆ ಶಾಸ್ತ್ರದ ಆಧಾರವಿದೆ. ಯಾರೂ ಉಡದ, ಕತ್ತರಿ-ಸೂಜಿ ತಾಗದ ಬಟ್ಟೆಯೇ ಪೂಜೆಗೆ ಶುದ್ಧ ಎನ್ನುವುದು ಬಹಳ ಹಳೆಯ ನಿಯಮ. ಮಡಿಯೆಂದರೆ ದೂರ ಇಡುವುದು, ಮುಟ್ಟದಿರುವುದು.

ಆದರೆ ನಮ್ಮವ್ವ ಬೇರೆ ನಿಯಮದಲ್ಲಿ ಬೆಳೆದವಳು. ಹುಟ್ಟಿದ ಕೂಸನ್ನು ಹೊಸ ಬಟ್ಟೆಯ ಮೇಲೆ ಮಲಗಿಸಲು ಬಿಡುತ್ತಿರಲಿಲ್ಲ. ಅಜ್ಜಿ ಉಟ್ಟು ಉಟ್ಟು ಮೆತ್ತಗಾದ ಸೀರೆಯೇ ಬೇಕು. ಯಾಕವ್ವಾ ಅಂದರೆ, "ಹೊಸಾ ಬಟ್ಟೆಗೆ ಏನು ಗೊತ್ತೈತೆ? ಅದಿನ್ನೂ ಯಾರ ಮೈನೂ ಕಂಡಿಲ್ಲ" ಅನ್ನುತ್ತಿದ್ದಳು. ಆಲೂರು ಸೀಮೆಯ ಕನ್ನಡ ಶಾಲೆಗಳಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾ ನನ್ನ ನೌಕರಿ ಮುಗಿಯಿತು. ಆ ನಡುವೆ ಸಾಕಷ್ಟು ಪುಸ್ತಕ ಓದಿದ್ದೇನೆ. ಪಾವಿತ್ರ್ಯ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ಅವ್ವನ ಈ ಮಾತಿನಷ್ಟು ನೇರವಾದ ಉತ್ತರ ನನಗೆ ಅವುಗಳಲ್ಲಿ ಕಾಣಲಿಲ್ಲ.

ಕೌದಿ ಹೊಲಿಯುವುದನ್ನು ನೋಡಿದವರಿಗೆ ಹಳೆಯ ಬಟ್ಟೆಯ ಈ ಬಳಕೆ ಬರಿಯ ಮಿತವ್ಯಯವಲ್ಲ ಎಂದು ತಿಳಿಯುತ್ತದೆ. ನೆಲಕ್ಕೆ ಒಂದು ನೂಲಿನ ಸೀರೆ ಹಾಸಿ, ನಾಲ್ಕು ಮೂಲೆಗೂ ಕಲ್ಲು ಹೇರಿ ಬಿಗಿ ಮಾಡುತ್ತೇವೆ. ಅದರ ಮೇಲೆ ಪದರ, ಪದರದ ಮೇಲೆ ತುಂಡು. ಅಪ್ಪನ ಪಂಚೆ, ಸೊಸೆಯ ಕುಬಸ, ಶಾಲೆ ಬಿಟ್ಟ ಹುಡುಗನ ಅಂಗಿ ಎಲ್ಲಕ್ಕೂ ಅಲ್ಲಿ ಜಾಗವಿದೆ. ಅಂಚಿನಿಂದ ಶುರುವಾದ ಹೊಲಿಗೆ ಸುತ್ತು ಸುತ್ತಿ ನಡುವಿಗೆ ಬರಬೇಕು. ಒಬ್ಬಳೇ ಕೂತರೆ ತಿಂಗಳು ಹಿಡಿಯುತ್ತದೆ. ಅದಕ್ಕೇ ಓಣಿಯ ಹೆಂಗಸರು ಊಟ ಮುಗಿಸಿ ಸುತ್ತಲೂ ಕೂಡುತ್ತಾರೆ, ತೆಲುಗಿನವರು ತೆಲುಗಲ್ಲಿ ಹಾಡುತ್ತಾರೆ, ನಾವು ಕನ್ನಡದಲ್ಲಿ. ಯಾವ ಬಟ್ಟೆ ಸೇರಬೇಕು, ಯಾವುದು ಸೇರಬಾರದು ಎಂಬುದಕ್ಕೆ ಅವ್ವನ ಹತ್ತಿರ ಕಟ್ಟಳೆಗಳಿದ್ದವು. ಹೆಣಕ್ಕೆ ಹೊದಿಸಿದ್ದು ಬೇಡ. ಜಗಳದಲ್ಲಿ ಹರಿದದ್ದೂ ಬೇಡ. ಸತ್ತವರು ಬದುಕಿದ್ದಾಗ ಉಟ್ಟದ್ದು ಬೇಕೇ ಬೇಕು. ನಡುವೆ ಅಂಗೈಯಗಲ ಜಾಗ ಉಳಿದಾಗ ಚೂರು ಜೋಳದ ರೊಟ್ಟಿ, ಕಾಳಿನಷ್ಟು ಬೆಲ್ಲ ಒಳಗಿಟ್ಟು ಹೊಲಿಗೆ ಮುಚ್ಚುತ್ತಿದ್ದಳು. ಕೌದಿಯ ಹೊಟ್ಟೆ ಖಾಲಿ ಇದ್ದರೆ ಹೊದ್ದವರ ಹೊಟ್ಟೆಯೂ ಖಾಲಿ ಎಂಬ ನಂಬಿಕೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ತಮ್ಮ ಕೌದಿಯ ಮೂಲೆಗಳಿಗೆ ಬಟ್ಟೆಯ ಹೂ ಮಡಚಿ ಹೊಲಿಯುತ್ತಾರೆ, ಅದಿಲ್ಲದ ಕೌದಿ ಬತ್ತಲೆ ಅನ್ನುತ್ತಾರೆ ಎಂದು ಓದಿದಾಗ ನನಗೆ ಅವ್ವನ ರೊಟ್ಟಿ ಚೂರೇ ಕಂಡಿತು.

ಉಟ್ಟು ಹಳತಾದದ್ದರಲ್ಲೇ ಶಕ್ತಿ ಎಂದು ನಂಬಿದವರು ನಾವು ಮಾತ್ರ ಅಲ್ಲ. ಬುದ್ಧನ ಭಿಕ್ಷುಗಳು ಎಸೆದ ಬಟ್ಟೆಯ ತುಂಡು ಆರಿಸಿ ಚೀವರ ಮಾಡಿಕೊಂಡರು. ಮಗಧದ ಗದ್ದೆಗಳ ಬದು ಕಾಣುವಂತೆ ಆ ತುಂಡುಗಳನ್ನು ಜೋಡಿಸಿದವನು ಆನಂದ ಎಂದು ವಿನಯ ಗ್ರಂಥ ಹೇಳುತ್ತದೆ. ನಮ್ಮ ಪತ್ತಿಕೊಂಡ ಸೀಮೆಯ ಎರ್ರಗುಡಿ ಬಂಡೆಯ ಮೇಲೆ ಅಶೋಕನ ಶಾಸನಗಳಿವೆ. ಅಂದಮೇಲೆ ಅಂಥ ಚೀವರ ತೊಟ್ಟವರು ಈ ಕಪ್ಪು ಮಣ್ಣಿನಲ್ಲಿ ನಡೆದಿರಬಹುದು. ಸೂಫಿಗಳಲ್ಲಿ ಗುರು ತಾನು ತೊಟ್ಟ ತೇಪೆಯ ನಿಲುವಂಗಿಯನ್ನು ಶಿಷ್ಯನಿಗೆ ಹಾಕಿದರೆ ಅದೇ ದೀಕ್ಷೆ. ಕುರುಬರ ಕಂಬಳಿಗೆ ಮೈಲಿಗೆಯೇ ಇಲ್ಲ. ಕುರಿಯ ಉಣ್ಣೆ ಕತ್ತರಿಸಿ, ನೂತು, ಹುಣಸೆ ಬೀಜದ ಗಂಜಿ ಹಾಕಿ ನೇಯ್ದ ಕಂಬಳಿಯನ್ನು ಹಾಸಿ ಅದರ ಮೇಲೆ ದೇವರನ್ನು ಕೂಡಿಸುತ್ತಾರೆ. ಕಂಬಳಿ ಅಂಗಿಯ, ಕರಡಿ ಚರ್ಮದ ಟೊಪ್ಪಿಗೆಯ ಗೊರವರು ದೇವರಗಟ್ಟಿನ ಮಾಳ ಮಲ್ಲೇಶ್ವರನ ಬೆಟ್ಟ ಹತ್ತುವಾಗ ಅವರ ಬಟ್ಟೆ ಹಳತೋ ಹೊಸತೋ ಎಂದು ಯಾರೂ ಕೇಳುವುದಿಲ್ಲ.

ದೇವರಗಟ್ಟು ಎಂದರೆ ಹೊರಗಿನವರಿಗೆ ಬಡಿಗೆಯಾಟ ಮಾತ್ರ ನೆನಪಾಗುತ್ತದೆ. ವಿಜಯದಶಮಿಯ ರಾತ್ರಿ ಪಂಜಿನ ಬೆಳಕಲ್ಲಿ ಕಬ್ಬಿಣದ ಬಳೆ ಹಾಕಿದ ಕೋಲುಗಳು, ಒಡೆದ ತಲೆಗಳು, ಗಾಯಕ್ಕೆ ಭಂಡಾರದ ಅರಿಶಿನ, ಬೆಳಗಿನ ಜಾವ ಭವಿಷ್ಯ ನುಡಿಯುವ ಕಾರಣಿಕ. ಪತ್ರಿಕೆಗಳು ಗಾಯಗೊಂಡವರನ್ನು ಎಣಿಸುತ್ತವೆ. ರಕ್ತ ಹರಿಯದೆ ಭಕ್ತಿ ಇಲ್ಲ ಎಂದು ನಾನು ಒಪ್ಪುವುದಿಲ್ಲ, ಜೀವ ಹೋದ ಮನೆಗಳನ್ನು ನೋಡಿದ್ದೇನೆ. ನನಗೆ ಮುಖ್ಯವಾದದ್ದು ದಸರೆಗೆ ಮುಂಚಿನ ವಾರಗಳು. ಆಗ ನಮ್ಮ ಕಡೆಯ ಹೆಂಗಸರು ಭಂಡಾರದ ಚೀಲ ಹೊಲಿಯುತ್ತಾರೆ, ಕೌದಿ ಮುಗಿಸುತ್ತಾರೆ. ಕೌದಿಗೆ ಅವಸರ ಯಾಕೆಂದರೆ ಹಬ್ಬ ಕಳೆದು ದೀಪಾವಳಿ ಆಗುತ್ತಿದ್ದಂತೆ ಕೋಸಿಗಿ, ಕೌತಾಳ, ಪೆದ್ದ ಕಡಬೂರಿನ ಕುಟುಂಬಗಳು ಸುಗ್ಗಿಗೆ ಹೊರಡುತ್ತವೆ. ಗುಂಟೂರು ಕಡೆ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು. ಮಕ್ಕಳು, ಪಾತ್ರೆ, ಕೋಳಿ ಎಲ್ಲ ಒಂದೇ ಲಾರಿಯಲ್ಲಿ. ಶಾಲೆಯಲ್ಲಿ ಅರ್ಧ ತರಗತಿ ಖಾಲಿಯಾಗುತ್ತಿತ್ತು. ಆಂಧ್ರದ ದೊಡ್ಡ ಹತ್ತಿ ಮಾರುಕಟ್ಟೆಗಳಲ್ಲೊಂದು ಆದೋನಿಯಲ್ಲಿದೆ. ಅದರ ಸುತ್ತಲಿನ ಜನರೇ ಪರರ ಹತ್ತಿ ಬಿಡಿಸಲು ನೂರಾರು ಮೈಲಿ ಹೋಗಬೇಕಾದ ಸ್ಥಿತಿ ನನಗೆ ಇಂದಿಗೂ ನುಂಗಲಾರದ ತುತ್ತು. ಆ ಗುಡಾರಗಳಿಗೆ ಗುಡಿ ಹೋಗುವುದಿಲ್ಲ, ಅರ್ಚಕರು ಹೋಗುವುದಿಲ್ಲ. ಕೌದಿ ಹೋಗುತ್ತದೆ. ಯಾರದೋ ಹೊಲದ ಬದುವಿನಲ್ಲಿ ಒಂದು ಕಲ್ಲು ತೊಳೆದು, ಅರಿಶಿನ ಹಚ್ಚಿ, ಮಡಚಿದ ಕೌದಿಯ ಮೇಲಿಟ್ಟರೆ ಸುಂಕುಲಮ್ಮ ಅಲ್ಲಿಗೆ ಬರುತ್ತಾಳೆ. ಯುಗಾದಿಗೆ ಅವರೆಲ್ಲ ಹಿಂತಿರುಗುವಾಗ ಅದೇ ಕೌದಿಗೆ ಆ ಊರಿನ ಮಣ್ಣೂ ಅಂಟಿರುತ್ತದೆ. ನಮ್ಮ ಧರ್ಮಕ್ಕೆ ಪುಸ್ತಕವಿಲ್ಲ ಎಂದು ಓದಿದವರು ಹೇಳುವಾಗ ನಾನು ಈ ಕೌದಿಯನ್ನು ತೋರಿಸುತ್ತೇನೆ.

ಇಂಗ್ಲೆಂಡಿನಲ್ಲಿರುವ ನನ್ನ ಅಣ್ಣನ ಮಗಳು ಫೋನಿನಲ್ಲಿ ಬಟ್ಟೆಯ ವಿಷಯದಲ್ಲೇ ಒಂದು ಸಂಗತಿ ಹೇಳಿದಳು. ಅವಳ ಜೊತೆ ಕೆಲಸ ಮಾಡುವ ಹೆಂಗಸೊಬ್ಬಳು ಪೇಗನ್ ಅಂತೆ. ಕ್ರೈಸ್ತ ಮತ ಬರುವ ಮುಂಚಿನ ಪೂಜೆಗಳನ್ನು, ಭೂಮಿ-ಮರ-ಋತುಗಳ ದೇವತೆಗಳನ್ನು ಮತ್ತೆ ನೆಚ್ಚಿಕೊಂಡವರೇ ಪೇಗನ್ನರು. ಮಾಟದ ವಿರುದ್ಧದ ಹಳೆಯ ಕಾನೂನು 1951ರಲ್ಲಿ ರದ್ದಾದ ಮೇಲೆ ಜೆರಾಲ್ಡ್ ಗಾರ್ಡ್ನರ್ ಮುಂತಾದವರು ಅಲ್ಲಿ ಈ ಪೂಜೆಗಳ ಬಗ್ಗೆ ಬಹಿರಂಗವಾಗಿ ಮಾತಾಡಿದರು. ಐಸ್‌ಲ್ಯಾಂಡ್ ಸರ್ಕಾರ ತನ್ನ ನೆಲದ ಹಳೆಯ ದೇವರುಗಳ ಮತಕ್ಕೆ 1973ರಲ್ಲಿ ಮಾನ್ಯತೆ ಕೊಟ್ಟಿತು. ಆ ಹೆಂಗಸು ಉತ್ತರಾಯಣ-ದಕ್ಷಿಣಾಯನಗಳ ಕೂಟಗಳಿಗೆ ತೊಡುವ ನಿಲುವಂಗಿಯನ್ನು ತಾನೇ ಹೊಲಿದುಕೊಂಡಿದ್ದಾಳೆ. ಹರಿದರೆ ತೇಪೆ ಹಾಕುತ್ತಾಳೆಯೇ ಹೊರತು ಹೊಸದು ಕೊಳ್ಳುವುದಿಲ್ಲವಂತೆ. ಕೇಳಿ ನನಗೆ ಸಂತೋಷವೂ ಆಯಿತು, ಮರುಕವೂ ಆಯಿತು. ಅವಳಿಗೆ ಹೇಳಿಕೊಡಲು ಅಜ್ಜಿಯಿಲ್ಲ. ನಡುವೆ ಸಾವಿರ ವರ್ಷದ ಎಳೆ ತುಂಡಾಗಿದೆ. ಹೊಸ ಬಟ್ಟೆಯಿಂದಲೇ ಶುರು ಮಾಡಿ, ವರ್ಷ ವರ್ಷ ತೊಟ್ಟು ಅದಕ್ಕೆ ಕಲಿಸುತ್ತಿದ್ದಾಳೆ. ನಮ್ಮ ಹತ್ತಿರ ಕಲಿತ ಬಟ್ಟೆ ಇದೆ, ಅದನ್ನು ಮಡಚಿ ಪಕ್ಕಕ್ಕಿಡುತ್ತಿದ್ದೇವೆ.

ಇನ್ನೊಂದು ಕಡೆಯಿಂದಲೂ ಆಕ್ಷೇಪ ಬರುತ್ತದೆ, ಅದು ನನ್ನ ಪ್ರೀತಿಯ ಶರಣರದ್ದು. ಕಲ್ಲಿಗೂ ಮರಕ್ಕೂ ಬಟ್ಟೆ ಸುತ್ತುವುದನ್ನು ಅವರು ಒಪ್ಪಲಿಲ್ಲ. ಅಕ್ಕಮಹಾದೇವಿಗೆ ತನ್ನ ಮೈಯ ಬಟ್ಟೆಯೇ ಬೇಡವಾಯಿತು. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆದರೆ ಅದೇ ಪರಂಪರೆಯಲ್ಲಿ ನೇಕಾರ ದೇವರ ದಾಸಿಮಯ್ಯ ನೇಯ್ದ ಬಟ್ಟೆಯನ್ನು ಜಂಗಮನಾಗಿ ಬಂದ ಶಿವ ಹರಿದು ಹಾಕಿದ ಕಥೆ ಇದೆ. ಸಮಗಾರ ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಹೊಲಿದ ಕಥೆಯೂ ಇದೆ. ಕೊಟ್ಟದ್ದರಲ್ಲಿ ಕೊಟ್ಟವರ ಮೈ ಇತ್ತು. ಅದಕ್ಕೇ ಬಸವಣ್ಣನಿಗೆ ಅದನ್ನು ಮೆಟ್ಟಲಾಗಲಿಲ್ಲ.

ಹರಳಯ್ಯನ ಹೆಸರೆತ್ತಿದ ಮೇಲೆ ಸುಮ್ಮನಿರುವ ಹಾಗಿಲ್ಲ. ಮುಟ್ಟಿದ್ದೇ ಪವಿತ್ರ ಎಂಬ ಅವ್ವನ ನಿಯಮ ನಮ್ಮ ಓಣಿಯ ಕೊನೆಗೆ ಬಂದು ನಿಂತುಬಿಡುತ್ತಿತ್ತು. ಮಾದಿಗರ ಕೇರಿಯ ಸೀರೆಯ ತುಂಡು ಅಮ್ಮನ ಕೌದಿಯಲ್ಲಿ ಇರಲಿಲ್ಲ. ಜಾತ್ರೆಗೆ ಹಲಗೆ ಬಡಿದವರು ಅವರೇ, ಅಮ್ಮನ ಮುಂದೆ ಮೊದಲು ಕುಣಿದವರು ಅವರೇ. ಗುಂಟೂರಿನ ಗುಡಾರದಲ್ಲಿ ಚಳಿಗೆ ಎಲ್ಲರ ಕೌದಿಗಳೂ ಒಂದರ ಮೇಲೊಂದು ಬೀಳುತ್ತವೆ, ಊರಿಗೆ ಬಂದೊಡನೆ ಬೇರೆಯಾಗುತ್ತವೆ. ಹಾಗಾದರೆ ಆಗಮದ ಮಡಿಗೂ ನಮ್ಮ ಮಡಿಗೂ ಇರುವ ಅಂತರ ನಾನು ಹೇಳಿಕೊಂಡಷ್ಟು ದೊಡ್ಡದಲ್ಲ. ಮೈ ಕಂಡ ಬಟ್ಟೆ ಪವಿತ್ರ ಎಂದ ಮೇಲೆ ಯಾರ ಮೈ ಎಂದು ಕೇಳಬಾರದು. ಕೇಳಿದರೆ ಅವ್ವನ ಮಾತು ಸುಳ್ಳಾಗುತ್ತದೆ, ಅದು ಸುಳ್ಳಾಗುವುದು ನನಗೆ ಬೇಕಿಲ್ಲ.

ಬಟ್ಟೆಯೂ ಬದಲಾಗಿದೆ. ಈಗ ಕೂಲಿಯವರ ಮೈಮೇಲಿರುವುದು ಸೂರತ್ತಿನ ಪಾಲಿಯೆಸ್ಟರ್. ಅಗ್ಗ, ಬೇಗ ಒಣಗುತ್ತದೆ, ತಪ್ಪು ಹೇಳಲಾರೆ. ಆದರೆ ಅದು ಹಳತಾಗುವುದಿಲ್ಲ, ಹರಿಯುತ್ತದೆ ಅಷ್ಟೇ. ಬೆವರು ಹೀರುವುದಿಲ್ಲ, ಮೆತ್ತಗಾಗುವುದಿಲ್ಲ, ಕೌದಿಯಲ್ಲಿ ಪದರಗಳು ಜಾರುತ್ತವೆ. ಹಿಂದೆ ಹಾಗಿರಲಿಲ್ಲ. 1938ರಲ್ಲಿ ಎಮ್ಮಿಗನೂರಿನಲ್ಲಿ ಮಾಚಾನಿ ಸೋಮಪ್ಪನವರು ನೇಕಾರರ ಸಹಕಾರ ಸಂಘ ಕಟ್ಟಿ, ಬರಗಾಲದ ಸೀಮೆಯ ಮಗ್ಗಗಳಿಗೆ ಕೆಲಸ ಕೊಟ್ಟರು. ಅವರಿಗೆ 1954ರಲ್ಲಿ ಪದ್ಮಶ್ರೀ ಬಂತು. ನಮ್ಮ ಮನೆಯ ಹಳೆಯ ಕೌದಿಗಳ ಅಡಿಪದರ ಎಮ್ಮಿಗನೂರಿನ ದುಪ್ಪಟಿಗಳೇ. ಈಗ ಹೊಲಿಯುವಾಗ ನೂಲಿನ ಅಡಿಪದರ ಹಾಕಿ ಪಾಲಿಯೆಸ್ಟರ್ ತುಂಡುಗಳನ್ನು ಮೇಲೆ ಕೂಡಿಸುತ್ತೇನೆ. ಅವುಗಳನ್ನು ಬಿಡುವ ಹಾಗಿಲ್ಲ, ಉಟ್ಟವರ ದುಡಿಮೆ ಅವುಗಳ ಮೇಲೂ ಇದೆ.

ಗುಡಿಯ ಹಿರಿಯರ ಮುಂದೆ ಎರಡು ಮಾತು ಇಟ್ಟಿದ್ದೇನೆ. ರೇಷ್ಮೆ ಮೇಲಿರಲಿ, ಕೌದಿ ಗದ್ದಿಗೆಯ ಮೇಲೆ, ಅಮ್ಮನ ಕೆಳಗೆ ಇರಲಿ. ಮತ್ತು ಈ ಸಲದ ಕೌದಿಗೆ ಊರಿನ ಎಲ್ಲ ಕೇರಿಗಳಿಂದ ಒಂದೊಂದು ತುಂಡು ಬರಲಿ. ಮೊದಲನೆಯದಕ್ಕೆ ಅರ್ಚಕರು ಆಗಬಹುದೇನೋ ಅಂದರು. ಎರಡನೆಯದಕ್ಕೆ ಹಿರಿಯರು ಬಾಯಿ ಬಿಟ್ಟಿಲ್ಲ. ತುಂಡುಗಳು ಮಾತ್ರ ನಮ್ಮ ಮನೆಗೆ ಬರತೊಡಗಿವೆ. ಹಲಗೆಯವರ ಮನೆಯ ಮುದುಕಿ ತನ್ನ ಹಸಿರು ಸೀರೆಯ ಸೆರಗನ್ನೇ ಕತ್ತರಿಸಿ ಕೊಟ್ಟು, ಇದನ್ನು ನಡುವಿಗೇ ಹಾಕು, ರೊಟ್ಟಿ ಇಡುವ ಜಾಗಕ್ಕೆ, ಎಂದು ಕೇಳಿದ್ದಾಳೆ. ಅಲ್ಲಿಗೇ ಹಾಕುತ್ತೇನೆ ಅಂದಿದ್ದೇನೆ.